ಬ್ಲ್ಯಾಕ್‌ಬೆರಿ ಗಿಡ ಸೊಂಪಾಗಿದೆ, ಹಣ್ಣೇ ಇಲ್ಲ – ಯಾಕೆ?

ಪ್ರಶ್ನೆ: ನಾವಿರುವುದು ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರದ ಬಾಥೆಲ್‌ನಲ್ಲಿ. ಮೂರು ವರ್ಷದ ಹಿಂದೆ ಹಿತ್ತಲಿನಲ್ಲಿ ಎರಡು ಟ್ರಿಪಲ್ ಕ್ರೌನ್ ಬ್ಲ್ಯಾಕ್‌ಬೆರಿ ಗಿಡ ನೆಟ್ಟೆವು. ಪ್ರತಿ ವರ್ಷ ಆಳೆತ್ತರ ಮೀರಿ ಬೆಳೆಯುತ್ತವೆ, ಎಲೆ ಹಚ್ಚಹಸಿರು, ಆದರೆ ಇದುವರೆಗೆ ಒಂದು ಹಿಡಿ ಹಣ್ಣೂ ಸಿಕ್ಕಿಲ್ಲ. ಒಂದು ವಿಡಿಯೊದಲ್ಲಿ ನೋಡಿದಂತೆ ಪ್ರತಿ ಫೆಬ್ರುವರಿಯಲ್ಲಿ ಎಲ್ಲವನ್ನೂ ನೆಲಮಟ್ಟಕ್ಕೆ ಕತ್ತರಿಸುತ್ತೇವೆ. ಬೇಲಿಯಾಚೆಯ ಖಾಲಿ ಜಾಗದಲ್ಲಿ ಯಾರೂ ನೋಡಿಕೊಳ್ಳದ ಕಾಡು ಗಿಡದ ತುಂಬ ಈಗ, ಆಗಸ್ಟ್‌ನಲ್ಲಿ, ರಾಶಿ ಹಣ್ಣು. ಅದರ ಬುಡವನ್ನೇ ಕಿತ್ತು ತಂದು ನೆಡೋಣವೇ? ಮೂರನೆಯ ಗಿಡ ನೆಡಬೇಕೆಂದೂ ಇದೆ, ಟೊಮೆಟೊ ಮಡಿ ಖಾಲಿ ಮಾಡಿ ಅಲ್ಲಿ ಹಾಕಬಹುದೇ? ಸಾಗರದಿಂದ ಬಂದಿರುವ ಅಪ್ಪ-ಅಮ್ಮ ಊರಿಗೆ ಹೋಗುವಾಗ ಒಂದೆರಡು ಕಡ್ಡಿ ಒಯ್ಯಬಹುದೇ ಎಂದು ಕೇಳುತ್ತಿದ್ದಾರೆ.

ಉತ್ತರ: ನಿಮ್ಮ ಗಿಡಕ್ಕೆ ರೋಗವಿಲ್ಲ, ಮಣ್ಣಿನಲ್ಲಿ ದೊಡ್ಡ ಕೊರತೆಯೂ ಇಲ್ಲ. ಆಳೆತ್ತರ ಮೀರಿ ಬೆಳೆಯುವ ಗಿಡಕ್ಕೆ ಹಸಿವಿರುವುದಿಲ್ಲ. ಆ ಬೇಸಿಗೆಯಲ್ಲಿ ಹಣ್ಣು ಬಿಡಬೇಕಾದ ಕೋಲುಗಳನ್ನೇ ನೀವು ಫೆಬ್ರುವರಿಯಲ್ಲಿ ಕತ್ತರಿಸಿ ಎಸೆಯುತ್ತಿದ್ದೀರಿ, ಅಷ್ಟೇ. ಈ ಚಳಿಗಾಲದಲ್ಲಿ ಕತ್ತರಿ ಬುಡಕ್ಕೆ ಹೋಗದಿದ್ದರೆ ಬರುವ ಆಗಸ್ಟ್‌ನಲ್ಲಿ ಹಣ್ಣು ಕಾಣುತ್ತೀರಿ.

ಬ್ಲ್ಯಾಕ್‌ಬೆರಿಯ ಬೇರು ಮತ್ತು ಬುಡ ಹತ್ತಾರು ವರ್ಷ ಬದುಕುತ್ತವೆ. ಮೇಲಿನ ಕೋಲಿಗೆ ಮಾತ್ರ ಎರಡೇ ವರ್ಷ ಆಯಸ್ಸು. ಮೊದಲ ವರ್ಷ ಅದು ನೆಲದಿಂದ ಎದ್ದು ಬರೀ ಎಲೆ ಬಿಟ್ಟುಕೊಂಡು ಉದ್ದವಾಗುತ್ತದೆ. ಚಳಿಗಾಲ ಕಳೆದ ಮೇಲೆ, ಎರಡನೆಯ ವರ್ಷ, ಅದೇ ಕೋಲಿನ ಗೆಣ್ಣುಗಳಿಂದ ಚಿಕ್ಕ ಕವಲು ಹೊರಟು ಹೂವಾಗಿ, ಹಣ್ಣಾಗಿ, ಕೋಲು ಒಣಗಿ ಸಾಯುತ್ತದೆ. ಆ ಹೊತ್ತಿಗೆ ಪಕ್ಕದಲ್ಲೇ ಅದರ ಮುಂದಿನವು ಎದ್ದಿರುತ್ತವೆ. ನಿಮ್ಮ ಅಪ್ಪ-ಅಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬಾಳೆಯ ಹಾಗೆ ಎಂದರೆ ಸಾಕು: ಗೊನೆ ಕೊಟ್ಟ ಮರವನ್ನು ಕಡಿಯುತ್ತೇವೆ, ಕಂದನ್ನು ಉಳಿಸಿಕೊಳ್ಳುತ್ತೇವೆ. ನಿಮ್ಮಲ್ಲಿ ಪ್ರತಿ ವರ್ಷ ಕಂದಿಗೇ ಕತ್ತಿ ಬಿದ್ದಿದೆ.

ನರ್ಸರಿಯ ಚೀಟಿಗಳಲ್ಲಿ ಮೊದಲ ವರ್ಷದ್ದನ್ನು ಪ್ರೈಮೊಕೇನ್ ಎಂದೂ ಎರಡನೆಯ ವರ್ಷದ್ದನ್ನು ಫ್ಲೋರಿಕೇನ್ ಎಂದೂ ಬರೆದಿರುತ್ತಾರೆ. ಇಲ್ಲಿ ಹೊಸ ಕೋಲು, ಹಳೆ ಕೋಲು ಎಂದುಕೊಳ್ಳೋಣ.

ಆ ವಿಡಿಯೊ ಸುಳ್ಳು ಹೇಳಿರಲಾರದು, ಬೇರೆ ಜಾತಿಯ ಗಿಡಕ್ಕೆ ಹೇಳಿದ್ದು. ಆರ್ಕನ್ಸಾ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರೈಮ್-ಜಿಮ್, ಪ್ರೈಮ್-ಜ್ಯಾನ್ ಎಂಬ ಎರಡು ತಳಿ ಬಿಡುಗಡೆ ಮಾಡಿದರು. ಹೊಸ ಕೋಲಿನ ತುದಿಯಲ್ಲೇ, ಅದೇ ವರ್ಷದ ಕೊನೆಗೆ ಹಣ್ಣು ಬಿಡುವ ಬ್ಲ್ಯಾಕ್‌ಬೆರಿ ಮಾರುಕಟ್ಟೆಗೆ ಬಂದದ್ದು ಅಲ್ಲಿಂದ. ಈಗ ಪ್ರೈಮ್-ಆರ್ಕ್ ಎಂಬ ಹೆಸರಿನಲ್ಲಿ ಹಲವು ಸಿಗುತ್ತವೆ. ಅವನ್ನು ಚಳಿಗಾಲದ ಕೊನೆಯಲ್ಲಿ ಪೂರ್ತಿ ನೆಲಕ್ಕೆ ಸವರಿದರೂ ಆ ವರ್ಷದ ಕೊನೆಗೆ ಫಸಲು ಬರುತ್ತದೆ. ಟ್ರಿಪಲ್ ಕ್ರೌನ್ ಹಾಗಲ್ಲ. ಅಮೆರಿಕದ ಕೃಷಿ ಇಲಾಖೆ 1996ರಲ್ಲಿ ಬಿಡುಗಡೆ ಮಾಡಿದ ಈ ಮುಳ್ಳಿಲ್ಲದ ತಳಿ ಹಳೆ ಕೋಲಿನಲ್ಲೇ ಹಣ್ಣು ಬಿಡುವುದು. ನಿಮ್ಮ ಕಡೆ ಸೆಪ್ಟೆಂಬರ್ ಕೊನೆಯಿಂದ ಮಳೆ ಶುರುವಾಗುತ್ತದೆ, ತಡವಾಗಿ ಹಣ್ಣಾಗುವ ಪ್ರೈಮ್-ಆರ್ಕ್‌ಗಳು ಅರ್ಧಕ್ಕರ್ಧ ಬೂಷ್ಟು ಹಿಡಿಯುತ್ತವೆ. ಹಾಗಾಗಿ ನೀವು ಆರಿಸಿಕೊಂಡ ಗಿಡ ಸರಿಯಾಗಿಯೇ ಇದೆ, ಬದಲಾಯಿಸಬೇಡಿ.

ಈಗ ಹಿತ್ತಲಿಗೆ ಹೋಗಿ ಒಮ್ಮೆ ಹತ್ತಿರದಿಂದ ನೋಡಿ. ಈ ವರ್ಷ ನಿಮ್ಮಲ್ಲಿರುವುದು ಎಲ್ಲವೂ ಹೊಸ ಕೋಲುಗಳೇ. ಹೆಬ್ಬೆರಳು ದಪ್ಪ, ಹಸಿರು ಅಥವಾ ಬಿಸಿಲು ಬಿದ್ದ ಕಡೆ ಕೆಂಪು ಬಣ್ಣ, ಎಲೆಯೊಂದರಲ್ಲಿ ಸಾಮಾನ್ಯವಾಗಿ ಐದು ಎಸಳು. ಬರುವ ವರ್ಷ ಇವೇ ಕೋಲು ಕಂದು ಬಣ್ಣಕ್ಕೆ ತಿರುಗಿ, ತೊಗಟೆ ಒರಟಾಗಿ, ಗೆಣ್ಣಿನಿಂದ ಹೊರಟ ಹೂಗವಲಿನ ಎಲೆಗಳಲ್ಲಿ ಹೆಚ್ಚಾಗಿ ಮೂರೇ ಎಸಳು ಇರುತ್ತವೆ. ಬಣ್ಣ ಗೊಂದಲ ಮಾಡಿದರೂ ಎಸಳಿನ ಲೆಕ್ಕ ಕೈಬಿಡುವುದಿಲ್ಲ. ಮೊದಮೊದಲು ಅನುಮಾನ ಬೇಡವೆನಿಸಿದರೆ ಹೊಸ ಕೋಲಿನ ಬುಡಕ್ಕೆ ಒಂದು ಬಟ್ಟೆಯ ಪಟ್ಟಿ ಕಟ್ಟಿಬಿಡಿ. ಎರಡು ವರ್ಷ ಕಟ್ಟಿದರೆ ಮೂರನೆಯ ವರ್ಷ ಕಣ್ಣೇ ಗುರುತಿಸುತ್ತದೆ.

ಇನ್ನು ವರ್ಷದುದ್ದಕ್ಕೂ ಮಾಡಬೇಕಾದ್ದು.

ಬ್ಲ್ಯಾಕ್‌ಬೆರಿಯಲ್ಲಿ ನೆಟ್ಟಗೆ ನಿಲ್ಲುವವು, ಅರೆ ನೆಟ್ಟಗಿನವು, ನೆಲದ ಮೇಲೆ ಹಬ್ಬುವವು ಎಂದು ಮೂರು ಬಗೆ ಇವೆ. ಒಂದಕ್ಕೆ ಹೇಳಿದ ಉಪಚಾರ ಇನ್ನೊಂದಕ್ಕೆ ಆಗುವುದಿಲ್ಲ. ಟ್ರಿಪಲ್ ಕ್ರೌನ್ ಅರೆ ನೆಟ್ಟಗಿನದು: ಬುಡದಿಂದ ದಪ್ಪಗೆ ಮೇಲೇಳುತ್ತದೆ, ಭಾರಕ್ಕೆ ಬಿಲ್ಲಿನಂತೆ ಬಾಗುತ್ತದೆ, ತಂತಿಯಿಲ್ಲದಿದ್ದರೆ ನೆಲಕ್ಕೆ ಬೀಳುತ್ತದೆ. ಎರಡು ಗಟ್ಟಿ ಕಂಬ ನೆಟ್ಟು ಎರಡೂವರೆ ಅಡಿ ಎತ್ತರದಲ್ಲೊಂದು, ಐದು ಅಡಿ ಎತ್ತರದಲ್ಲೊಂದು ತಂತಿ ಎಳೆಯಿರಿ. ಹಣ್ಣು ತುಂಬಿದ ಗಿಡ ತುಂಬ ಭಾರ, ಬಿದಿರು ಕಡ್ಡಿ ತಡೆಯುವುದಿಲ್ಲ. ಗಿಡದಿಂದ ಗಿಡಕ್ಕೆ ಐದಾರು ಅಡಿ ಇರಲಿ. ನಿಮ್ಮ ಎರಡರ ನಡುವೆ ಅಷ್ಟು ಇಲ್ಲದಿದ್ದರೆ ಒಂದನ್ನು ಚಳಿಗಾಲದಲ್ಲಿ ಎಬ್ಬಿಸಿ ಬೇರೆಡೆ ನೆಡಬಹುದು. ಪರಾಗಕ್ಕೆ ಜೋಡಿ ಗಿಡ ಬೇಕಿಲ್ಲ, ಒಂಟಿ ಗಿಡದಲ್ಲೂ ಜೇನು, ದುಂಬಿ ಓಡಾಡಿದರೆ ಕಾಯಿ ಕಟ್ಟುತ್ತದೆ.

ಜೂನ್ ಸುಮಾರಿಗೆ ಹೊಸ ಕೋಲುಗಳು ಮೇಲಿನ ತಂತಿ ದಾಟುತ್ತಿದ್ದಂತೆ ಕುಡಿಯನ್ನು ಮೂರ್ನಾಲ್ಕು ಇಂಚು ಚಿವುಟಬೇಕು. ತುದಿ ನಿಂತರೆ ಪಕ್ಕದಿಂದ ಕವಲು ಒಡೆಯುತ್ತವೆ, ಬರುವ ವರ್ಷದ ಹೂವು ಹೆಚ್ಚಿನಂಶ ಆ ಕವಲುಗಳಲ್ಲೇ. ಎಲ್ಲ ಕೋಲೂ ಒಂದೇ ದಿನ ಆ ಎತ್ತರಕ್ಕೆ ಬರುವುದಿಲ್ಲ, ಆದ್ದರಿಂದ ವಾರಕ್ಕೊಮ್ಮೆ ಸುತ್ತು ಹಾಕಬೇಕು. ಈ ವರ್ಷ ಆ ಕಾಲ ಮೀರಿದೆ. ಈಗ ಚಿವುಟಿದರೆ ಎಳೆ ಕವಲು ಹೊರಟು ಚಳಿಗೆ ಸುಟ್ಟುಹೋಗುತ್ತವೆ. ಉದ್ದದ ಕೋಲುಗಳನ್ನು ಹಾಗೆಯೇ ತಂತಿಯ ಮೇಲೆ ಬೀಸಣಿಗೆಯಂತೆ ಹರಡಿ ಸಡಿಲವಾಗಿ ಕಟ್ಟಿ. ತುದಿಗಳು ನೆಲ ಮುಟ್ಟದಂತೆ ನೋಡಿಕೊಳ್ಳಿ. ಶರತ್ಕಾಲದಲ್ಲಿ ಮಣ್ಣು ತಾಗಿದ ತುದಿ ಬೇರೂರಿ ಅಲ್ಲೊಂದು ಗಿಡವಾಗಿಬಿಡುತ್ತದೆ. ಗಿಡ ಬೇಕೆಂದರೆ ಅದೇ ದಾರಿ: ಒಂದು ತುದಿಯನ್ನು ನಾಲ್ಕು ಇಂಚು ಮಣ್ಣಿನಲ್ಲಿ ಹೂತಿಟ್ಟು ವಸಂತದಲ್ಲಿ ಕತ್ತರಿಸಿಕೊಳ್ಳಿ.

ಫೆಬ್ರುವರಿ ಕೊನೆಗೆ ಕತ್ತರಿ ಹಿಡಿಯಿರಿ, ಆದರೆ ಬುಡಕ್ಕಲ್ಲ. ಪ್ರತಿ ಗಿಡದಲ್ಲಿ ಗಟ್ಟಿಯಾದ ಐದರಿಂದ ಏಳು ಕೋಲು ಉಳಿಸಿ. ಪೆನ್ಸಿಲ್‌ಗಿಂತ ಸಣ್ಣವು, ಮುರಿದವು, ದಾರಿಗೆ ಅಡ್ಡ ಬಂದವು ಮಾತ್ರ ಬುಡಕ್ಕೆ ಹೋಗಲಿ. ಉಳಿದವುಗಳ ಪಕ್ಕದ ಕವಲುಗಳನ್ನು ಒಂದೂವರೆಯಿಂದ ಎರಡೂವರೆ ಅಡಿಗೆ ಮೊಟಕುಗೊಳಿಸಿ. ಕವಲು ಉದ್ದ ಬಿಟ್ಟಷ್ಟೂ ಹಣ್ಣಿನ ಸಂಖ್ಯೆ ಹೆಚ್ಚು, ಗಾತ್ರ ಕಡಿಮೆ. ಈ ಸಲ ಚಿವುಟದೆ ಬೆಳೆದ ನಿಮ್ಮ ಕೋಲುಗಳಲ್ಲಿ ಕವಲು ಕಡಿಮೆ ಇರುತ್ತವೆ, ಅದಕ್ಕೆ ಚಿಂತೆ ಬೇಡ, ಉದ್ದ ಕೋಲಿನ ಗೆಣ್ಣುಗಳಿಂದಲೇ ಹೂವು ಬರುತ್ತದೆ. ಮುಂದಿನ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹಣ್ಣು ಮುಗಿದ ಮೇಲೆ ಹಳೆ ಕೋಲುಗಳನ್ನು ನೆಲಮಟ್ಟಕ್ಕೆ ಕತ್ತರಿಸಿ ಹೊರಗೆ ಹಾಕಿ. ಹಿತ್ತಲಲ್ಲೇ ಗುಡ್ಡೆ ಹಾಕಬೇಡಿ, ಕೀಟ-ರೋಗ ಅದರಲ್ಲೇ ಚಳಿಗಾಲ ಕಳೆಯುತ್ತವೆ.

ನೀರಿನ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಸಿಯಾಟಲ್ ಎಂದರೆ ಮಳೆ ಎಂಬ ಮಾತು ಚಳಿಗಾಲಕ್ಕೆ ಸರಿ. ಜುಲೈ, ಆಗಸ್ಟ್ ಒಣ ತಿಂಗಳು, ಕಾಯಿ ದಪ್ಪವಾಗುವುದು ಅದೇ ಹೊತ್ತಿನಲ್ಲಿ. ವಾರಕ್ಕೆ ಒಂದು ಇಂಚು ನೀರು ಬೇಕೇ ಬೇಕು, ಹಣ್ಣು ತುಂಬುವಾಗ ಇನ್ನೂ ಸ್ವಲ್ಪ ಹೆಚ್ಚು. ಡ್ರಿಪ್ ಪೈಪಿನಿಂದ ಬುಡಕ್ಕೆ ಕೊಡಿ, ಮೇಲಿನಿಂದ ಎರಚಿದರೆ ಹಣ್ಣು ಕೊಳೆಯುತ್ತದೆ. ಬುಡದ ಸುತ್ತ ಎರಡು ಮೂರು ಇಂಚು ಮರದ ಚಕ್ಕೆಯ ಹೊದಿಕೆ ಹಾಕಿದರೆ ತೇವವೂ ನಿಲ್ಲುತ್ತದೆ, ಹುಲ್ಲೂ ಏಳುವುದಿಲ್ಲ. ಗೊಬ್ಬರಕ್ಕೆ ಮಾರ್ಚ್–ಏಪ್ರಿಲ್‌ನಲ್ಲಿ ಒಮ್ಮೆ, ಜೂನ್ ಹೊತ್ತಿಗೆ ಒಮ್ಮೆ ಮಿತವಾಗಿ ಸಾರಜನಕ ಸಿಕ್ಕರೆ ಸಾಕು. ಜುಲೈ ನಂತರ ಬೇಡ.

ಮೂರನೆಯ ಗಿಡವನ್ನು ಟೊಮೆಟೊ ಮಡಿಯಲ್ಲಿ ದಯವಿಟ್ಟು ನೆಡಬೇಡಿ. ನಮ್ಮವರ ಹಿತ್ತಲುಗಳಲ್ಲಿ ಈ ತೊಂದರೆಯನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಸ್ಟ್ರಾಬೆರಿ ಬೆಳೆದ ಮಣ್ಣಿನಲ್ಲಿ ವರ್ಟಿಸಿಲಿಯಮ್ ಎಂಬ ಶಿಲೀಂಧ್ರ ಉಳಿದುಕೊಂಡಿರುವ ಸಾಧ್ಯತೆ ಹೆಚ್ಚು. ಅದು ಬೇರಿನಿಂದ ಹತ್ತಿ ಕೋಲನ್ನು ಬಾಡಿಸುತ್ತದೆ, ಬೇಸಿಗೆಯ ಒಂದು ಬಿಸಿ ವಾರದಲ್ಲಿ ಎಲೆ ಹಳದಿಯಾಗಿ ಕೆಳಗಿನಿಂದ ಉದುರತೊಡಗುತ್ತದೆ, ಔಷಧಿಯಿಲ್ಲ. ಸಾಂಬಾರಿಗೆ ಬೇಕಾದ ತರಕಾರಿಯೆಲ್ಲ ಈ ಪಟ್ಟಿಯಲ್ಲೇ ಇರುವುದರಿಂದ ಕನ್ನಡಿಗರ ಹಿತ್ತಲಲ್ಲಿ ಬ್ಲ್ಯಾಕ್‌ಬೆರಿಗೆ ಒಂದು ಬೇರೆಯೇ ಮೂಲೆ ಮೊದಲೇ ತೆಗೆದಿಡಬೇಕು. ಆ ಮೂಲೆಗೆ ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಬೀಳಲಿ, ಚಳಿಗಾಲದ ಮಳೆಯಲ್ಲಿ ನೀರು ನಿಲ್ಲದಿರಲಿ. ಹೊಸ ಬಡಾವಣೆಗಳಲ್ಲಿ ಯಂತ್ರ ಓಡಾಡಿ ಮಣ್ಣು ಗಟ್ಟಿಯಾಗಿರುತ್ತದೆ. ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿ, ಮರುದಿನವೂ ನೀರು ಹಾಗೇ ಇದ್ದರೆ ಒಂದು ಅಡಿ ಎತ್ತರದ ಏರುಮಡಿ ಮಾಡಿ ಅದರ ಮೇಲೆ ನೆಡಿ. ಮಣ್ಣಿನ ಹುಳಿ 5.5ರಿಂದ 6.5ರ ಪಿಎಚ್ ನಡುವೆ ಇದ್ದರೆ ಚೆನ್ನ, ನಿಮ್ಮ ಕಡೆಯ ಮಣ್ಣು ಸಾಮಾನ್ಯವಾಗಿ ಅದರ ಹತ್ತಿರವೇ ಇರುತ್ತದೆ.

ಆ ಮೂರನೆಯದು ಹಬ್ಬುವ ಬಗೆಯಾಗಿರಲಿ ಎಂದು ನನ್ನ ಸಲಹೆ. ಒರೆಗಾನ್‌ನಲ್ಲಿ 1956ರಲ್ಲಿ ಬಿಡುಗಡೆಯಾದ ಮ್ಯಾರಿಯನ್ ತಳಿಯ ಪರಿಮಳಕ್ಕೆ ಸರಿಸಾಟಿಯಾದದ್ದು ಕಡಿಮೆ. ಆದರೆ ಅದಕ್ಕೆ ಮೈತುಂಬ ಮುಳ್ಳು. ಮಕ್ಕಳಿರುವ ಮನೆಗೆ ಕೊಲಂಬಿಯಾ ಸ್ಟಾರ್ ಎಂಬ ಮುಳ್ಳಿಲ್ಲದ ತಳಿ ಒಳ್ಳೆಯದು. ಇವು ಜುಲೈಯಲ್ಲೇ ಹಣ್ಣಾಗುತ್ತವೆ, ಟ್ರಿಪಲ್ ಕ್ರೌನ್ ಶುರುವಾಗುವ ಹೊತ್ತಿಗೆ ಮುಗಿಯುತ್ತವೆ. ಹೀಗಾಗಿ ಎರಡು ತಿಂಗಳು ಮನೆಯಲ್ಲಿ ಹಣ್ಣು. ಒಂದು ಮಾತು: ಹಬ್ಬುವ ಬಗೆಗೆ ಕುಡಿ ಚಿವುಟಬಾರದು. ಉದ್ದಕ್ಕೆ ಬಿಟ್ಟು, ಹಳೆ ಕೋಲು ತೆಗೆದ ಮೇಲೆ ಹೊಸವನ್ನು ತಂತಿಗೆ ಸುತ್ತಬೇಕು.

ಈಗ ಬೇಲಿಯಾಚೆಯ ಗಿಡ. ಕೋಲು ಮೂಲೆಮೂಲೆಯಾಗಿದ್ದು, ಬುಡ ಅಗಲವಾದ ಕೊಕ್ಕೆಮುಳ್ಳಿದ್ದು, ಐದೆಸಳಿನ ಎಲೆಯ ಅಡಿ ಬಿಳುಪಾಗಿದ್ದರೆ ಅದು ಹಿಮಾಲಯನ್ ಬ್ಲ್ಯಾಕ್‌ಬೆರಿ. ಹೆಸರಿಗೂ ಹಿಮಾಲಯಕ್ಕೂ ಸಂಬಂಧವಿಲ್ಲ. ಕ್ಯಾಲಿಫೋರ್ನಿಯಾದ ಸಸ್ಯತಳಿಗಾರ ಲೂಥರ್ ಬರ್ಬ್ಯಾಂಕ್ 1885ರಲ್ಲಿ, ಭಾರತದಿಂದ ಬಂತೆಂದು ತಾನು ನಂಬಿದ ಬೀಜದಿಂದ ಬೆಳೆಸಿ ಹಂಚಿದ ಗಿಡ ಇದು. ಇದರ ತವರು ಆರ್ಮೇನಿಯಾ ಮತ್ತು ಇರಾನಿನ ಉತ್ತರದ ಕಡೆ. ಹಕ್ಕಿಗಳು ಬೀಜ ಹರಡಿ, ತುದಿಗಳು ಬೇರೂರಿ, ಇಂದು ಪೆಸಿಫಿಕ್ ಕರಾವಳಿಯ ಹಳ್ಳಕೊಳ್ಳ, ರಸ್ತೆಬದಿ, ರೈಲು ಹಳಿ ಎಲ್ಲೆಂದರಲ್ಲಿ ಇದೇ. ವಾಷಿಂಗ್ಟನ್ ರಾಜ್ಯದಲ್ಲಿ ಇದು ಹಾನಿಕಾರಕ ಕಳೆಗಳ ಪಟ್ಟಿಯಲ್ಲಿದೆ. ಹೊಳೆಯಂಚಿನಲ್ಲಿ ಸ್ಥಳೀಯ ಗಿಡಗಳು ಏಳದಂತೆ ಮುಚ್ಚಿಬಿಡುತ್ತದೆ. ಹಣ್ಣು ರುಚಿಯೇ, ತಿನ್ನಿ. ಆದರೆ ಬುಡ ತಂದು ನೆಟ್ಟರೆ ನಾಲ್ಕು ವರ್ಷದಲ್ಲಿ ನಿಮ್ಮ ಹಿತ್ತಲು ನಿಮ್ಮದಾಗಿ ಉಳಿಯುವುದಿಲ್ಲ. ಇಪ್ಪತ್ತಡಿ ದಾಟುವ ಕೋಲುಗಳು ಪಕ್ಕದ ಮನೆಯವರ ಅಂಗಳಕ್ಕೂ ಇಳಿಯುತ್ತವೆ. ಇನ್ನೂ ಒಂದು ಕಾರಣ: ಕಾಡು ಗಿಡದಲ್ಲಿರುವ ವೈರಸ್, ನುಸಿ, ನೊಣ ಎಲ್ಲ ಅದರ ಜೊತೆಗೇ ಬರುತ್ತವೆ.

ಬೇಲಿ ದಾಟಿ ಬಂದವನ್ನು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ನಿಮ್ಮ ಕಡೆ ಬೇರೂರಿದ್ದರೆ ಮಣ್ಣು ಹಸಿಯಿರುವ ನವೆಂಬರ್ ಸುಮಾರಿಗೆ, ಕೋಲನ್ನು ಒಂದಡಿಗೆ ಮೊಟಕು ಮಾಡಿ, ದಪ್ಪ ಚರ್ಮದ ಕೈಗವಸು ಹಾಕಿಕೊಂಡು, ಕೋಲು ಬೇರು ಸೇರುವಲ್ಲಿನ ಗಂಟನ್ನೇ ಗುದ್ದಲಿಯಿಂದ ಅಗೆದು ತೆಗೆಯಿರಿ. ಆ ಗಂಟು ಹೋದರೆ ಮುಕ್ಕಾಲು ಕೆಲಸ ಆದಂತೆ. ಸಿಯಾಟಲ್ ಕಡೆ ಆಡುಗಳ ಹಿಂಡನ್ನೇ ಬಾಡಿಗೆಗೆ ತಂದು ಮೇಯಿಸುವವರಿದ್ದಾರೆ, ದೊಡ್ಡ ಜಾಗಕ್ಕೆ ಒಳ್ಳೆಯ ಉಪಾಯ, ಆದರೆ ಆಮೇಲೆ ಗಂಟು ಅಗೆಯುವುದು ತಪ್ಪುವುದಿಲ್ಲ. ರಸ್ತೆಬದಿ, ರೈಲು ಹಳಿಯ ಪಕ್ಕದ ಹಣ್ಣು ಕೀಳುವ ಮೊದಲು ಕಳೆನಾಶಕ ಹೊಡೆದಿದ್ದಾರೆಯೇ ನೋಡಿ. ಎಲೆ ಅಕಾಲದಲ್ಲಿ ಕಂದಿ ಮುರುಟಿದ್ದರೆ ಮುಟ್ಟಬೇಡಿ. ಕಾಡಿನ ನೆರಳಿನಲ್ಲಿ, ನೆಲಕ್ಕೆ ಅಂಟಿಕೊಂಡು ತೆಳ್ಳಗೆ ಹಬ್ಬಿದ, ಮೂರೆಸಳಿನ ಎಲೆಯ ಇನ್ನೊಂದು ಬ್ಲ್ಯಾಕ್‌ಬೆರಿ ಕಂಡರೆ ಅದನ್ನು ಕೀಳಬೇಡಿ. ಅದು ಆ ನಾಡಿನ ಸ್ವಂತ ಗಿಡ, ಮ್ಯಾರಿಯನ್‌ನ ರುಚಿಯ ಮೂಲಗಳಲ್ಲೊಂದು.

ಮುಂದಿನ ವರ್ಷ ಹಣ್ಣು ಬಂದಾಗ ಎದುರಾಗುವ ಮೂರು ತೊಂದರೆ ಈಗಲೇ ಗೊತ್ತಿರಲಿ. ದೊಡ್ಡದು ಚುಕ್ಕೆರೆಕ್ಕೆಯ ಹಣ್ಣುನೊಣ. ಏಷ್ಯಾದ ಈ ನೊಣ 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಮರುವರ್ಷ ವಾಷಿಂಗ್ಟನ್‌ನಲ್ಲಿ ಕಂಡಿತು. ಸಾಮಾನ್ಯ ಹಣ್ಣುನೊಣ ಕೊಳೆತದ್ದಕ್ಕೆ ಮುತ್ತುತ್ತದೆ, ಇದು ಗಟ್ಟಿಯಾದ, ಬಣ್ಣ ತಿರುಗುತ್ತಿರುವ ಹಣ್ಣನ್ನೇ ಕೊರೆದು ಮೊಟ್ಟೆಯಿಡುತ್ತದೆ. ತಡವಾಗಿ ಹಣ್ಣಾಗುವ ತಳಿಗಳಿಗೆ ಕಾಟ ಹೆಚ್ಚು. ಮನೆಯವರಿಗೆ ಔಷಧಿಗಿಂತ ನಡೆಯುವ ಉಪಾಯ, ಎರಡು ದಿನಕ್ಕೊಮ್ಮೆ ಮಾಗಿದ್ದನ್ನೆಲ್ಲ ಬಿಡಿಸಿ ನೇರ ಫ್ರಿಜ್‌ಗೆ ಇಡುವುದು. ಉದುರಿದ್ದನ್ನೂ ಹೆಕ್ಕಬೇಕು. ಅನುಮಾನವಿದ್ದರೆ ಒಂದಿಷ್ಟು ಹಣ್ಣನ್ನು ಉಪ್ಪುನೀರಿನಲ್ಲಿ ಕಾಲು ಗಂಟೆ ಬಿಡಿ, ಹುಳವಿದ್ದರೆ ಬಿಳಿಯ ಎಳೆಯಂತೆ ಹೊರಬರುತ್ತದೆ.

ಎರಡನೆಯದು ಅರ್ಧ ಕಪ್ಪಾಗಿ, ತೊಟ್ಟಿನ ಕಡೆ ಕೆಂಪಾಗಿ ಗಟ್ಟಿಯಾಗಿಯೇ ಉಳಿಯುವ ಹಣ್ಣು. ಇನ್ನೂ ಮಾಗಲಿ ಎಂದು ಕಾಯುತ್ತೀರಿ, ಮಾಗುವುದೇ ಇಲ್ಲ. ಕಣ್ಣಿಗೆ ಕಾಣದ ನುಸಿಯ ಕೆಲಸ ಅದು, ಬೇಲಿಯಾಚೆಯ ಕಾಡುಗಿಡವೇ ಅದರ ಠಾಣೆ. ಹಳೆ ಕೋಲುಗಳನ್ನು ತಡಮಾಡದೆ ತೆಗೆದರೆ ಬಹುಪಾಲು ಹತೋಟಿಗೆ ಬರುತ್ತದೆ. ವರ್ಷ ವರ್ಷವೂ ಬಂದರೆ ಹಾರ್ಟಿಕಲ್ಚರಲ್ ಆಯಿಲ್ (ಕೀಟ ತಡೆಯಲು ಗಿಡಕ್ಕೆ ಸಿಂಪಡಿಸುವ ಎಣ್ಣೆ) ಅನ್ನು ಚೀಟಿಯಲ್ಲಿ ಬರೆದ ಪ್ರಕಾರ ಬಳಸಿ.

ಮೂರನೆಯದು ರೋಗವಲ್ಲ, ಬಿಸಿಲಿನ ಹೊಡೆತ. ಹಣ್ಣಿನ ಒಂದು ಮಗ್ಗುಲಿನ ಮಣಿಗಳು ಬೆಳ್ಳಗಾಗಿ ನಿಲ್ಲುತ್ತವೆ. 2021ರ ಜೂನ್ 28ರಂದು ಸಿಯಾಟಲ್ ವಿಮಾನ ನಿಲ್ದಾಣದಲ್ಲಿ 108 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತು, ನಮ್ಮ ಲೆಕ್ಕದಲ್ಲಿ 42 ಡಿಗ್ರಿ. ಆ ವಾರ ಕಾಯಿಗಳು ಕೋಲಿನ ಮೇಲೇ ಬೆಂದುಹೋದವು. ಅಂಥ ಬಿಸಿ ಬರುವ ಸೂಚನೆ ಕಂಡರೆ ಹಿಂದಿನ ಸಂಜೆಯೇ ಚೆನ್ನಾಗಿ ನೀರು ಕೊಟ್ಟು ಪಶ್ಚಿಮದ ಕಡೆ ನೆರಳುಬಟ್ಟೆ ಕಟ್ಟಿ. ಬಿಳಿ ಮಣಿಯ ಹಣ್ಣು ತಿನ್ನಲು ತೊಂದರೆಯಿಲ್ಲ.

ಕೊಯ್ಲಿನ ಬಗ್ಗೆ ಒಂದೇ ಎಚ್ಚರಿಕೆ. ಕಪ್ಪಾದ ಕೂಡಲೇ ಕೀಳಬೇಡಿ. ಮಿರಿಮಿರಿ ಹೊಳೆಯುವ ಕಪ್ಪು ಇನ್ನೂ ಹುಳಿಯದು. ಎರಡು ಮೂರು ದಿನದಲ್ಲಿ ಹೊಳಪು ಇಳಿದು ಮಂಕು ಕಪ್ಪಾಗುತ್ತದೆ, ಮಣಿಗಳು ಉಬ್ಬುತ್ತವೆ, ಬೆರಳು ತಾಗಿಸಿ ತುಸು ಎತ್ತಿದರೆ ಕೈಗೆ ಬರುತ್ತದೆ. ಎಳೆಯಬೇಕಾಗಿ ಬಂದರೆ ಅದಕ್ಕಿನ್ನೂ ಹೊತ್ತಿದೆ. ಕಿತ್ತ ಮೇಲೆ ಬ್ಲ್ಯಾಕ್‌ಬೆರಿ ಸಿಹಿಯಾಗುವುದಿಲ್ಲ. ಅಂಗಡಿಯ ಹಣ್ಣು ಅಷ್ಟೊಂದು ಹುಳಿಯಿರುವುದಕ್ಕೆ ಇದೇ ಕಾರಣ, ಸಾಗಣೆಗೆ ತಡೆಯಲೆಂದು ಹೊಳಪಿರುವಾಗಲೇ ಕೀಳುತ್ತಾರೆ. ಮುಂಜಾನೆ ತಂಪಿನಲ್ಲಿ ಬಿಡಿಸಿ, ತೊಳೆಯದೆ ಅಗಲ ತಟ್ಟೆಯಲ್ಲಿ ಫ್ರಿಜ್‌ನಲ್ಲಿಟ್ಟು ತಿನ್ನುವಾಗ ತೊಳೆಯಿರಿ.

ಕೊನೆಗೆ ಅಪ್ಪ-ಅಮ್ಮನ ಪ್ರಶ್ನೆ. ಸೂಟ್‌ಕೇಸಿನಲ್ಲಿ ಕಡ್ಡಿ ಒಯ್ಯುವುದು ಬೇಡ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಜೀವಂತ ಗಿಡ, ಕಡ್ಡಿ ತರಲು ಆಮದು ಪರವಾನಗಿ ಮತ್ತು ಅಮೆರಿಕದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ನಿಯಮ ಸುಮ್ಮನೆ ಮಾಡಿದ್ದಲ್ಲ, ಒಂದು ಕಡ್ಡಿಯ ಜೊತೆ ಹೋದ ವೈರಸ್ ಊರಿನ ತೋಟದಲ್ಲಿ ನೆಲೆಯಾದರೆ ತೆಗೆಯುವವರಿಲ್ಲ. ಒಯ್ದರೂ ಉಪಯೋಗವಿಲ್ಲ. ಈ ಗಿಡದ ಮೊಗ್ಗು ಸರಿಯಾಗಿ ಒಡೆಯಬೇಕಾದರೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ನೂರಾರು ಗಂಟೆ ಸಿಗಬೇಕು. ಸಾಗರದ ಮಾಗಿ ಚಳಿ ಅಲ್ಲಿಗೆ ಇಳಿಯುವುದಿಲ್ಲ, ಮೇಲೆ ಮಲೆನಾಡಿನ ಮಳೆಗೆ ಬೇರು ಕೊಳೆಯುತ್ತದೆ.

ಅವರಿಗೆ ನಿಜವಾಗಿ ಆಸೆಯಿದ್ದರೆ ಇದರ ದಾಯಾದಿ ನಮ್ಮಲ್ಲೇ ಇದೆ. ಪಶ್ಚಿಮಘಟ್ಟದ ಎತ್ತರದ ಜಾಗಗಳಲ್ಲಿ, ನೀಲಗಿರಿಯಲ್ಲಿ, ಬಿಳಿ ಬೂದಿ ಬಳಿದಂಥ ಮುಳ್ಳುಕೋಲಿನ, ಕೆಂಪಿನಿಂದ ಕಪ್ಪಿಗೆ ತಿರುಗುವ ಪುಟ್ಟ ಹಣ್ಣಿನ ಗಿಡ ಬೆಳೆಯುತ್ತದೆ. ತೋಟಗಾರಿಕೆಯವರು ಮೈಸೂರು ರಾಸ್‌ಬೆರಿ ಎನ್ನುತ್ತಾರೆ. ಕಿತ್ತಾಗ ನಡುವಿನ ತಿರುಳು ಗಿಡದಲ್ಲೇ ಉಳಿದು ಹಣ್ಣು ಟೊಳ್ಳಾಗಿ ಕೈಗೆ ಬರುವುದರಿಂದ ಇದು ರಾಸ್‌ಬೆರಿಯ ಕಡೆಯದು. ಬ್ಲ್ಯಾಕ್‌ಬೆರಿಯಲ್ಲಿ ತಿರುಳು ಹಣ್ಣಿನ ಜೊತೆಗೇ ಬರುತ್ತದೆ. ಅದಕ್ಕೆ ಕೊರೆಯುವ ಚಳಿ ಬೇಡ, ಬೆಚ್ಚಗಿನ ಫ್ಲೋರಿಡಾದಲ್ಲೂ ಹಿತ್ತಲಲ್ಲಿ ಬೆಳೆಸುತ್ತಾರೆ. ಹವಾಯಿ, ಗಲಾಪಗೋಸ್ ದ್ವೀಪಗಳಲ್ಲಿ ಅದೇ ಗಿಡ ಕಳೆಯಾಗಿ ಕಾಡನ್ನು ಮುಚ್ಚಿದೆ, ಆದ್ದರಿಂದ ಅದರ ಬೀಜವನ್ನು ನೀವು ಈ ಕಡೆ ತರಿಸಿಕೊಳ್ಳಬೇಡಿ. ಊರಿನಲ್ಲಿ ಮಾತ್ರ ಅದು ತನ್ನ ನೆಲದಲ್ಲೇ ಇರುವ ಗಿಡ. ಘಟ್ಟದ ಮೇಲೆ ತೋಟ ಇರುವ ಪರಿಚಯದವರಿದ್ದರೆ, ಅವರ ಬೇಲಿಯಲ್ಲಿ ಬೆಳೆದದ್ದರ ಒಂದು ತುದಿಯನ್ನು ಮಳೆಗಾಲದ ಕೊನೆಗೆ ಮಣ್ಣಿನಲ್ಲಿ ಹೂತು ಬೇರು ಬರಿಸಿಕೊಳ್ಳಬಹುದು. ಅದನ್ನು ಸಾಗರದ ಮನೆಯಲ್ಲಿ ನೆಡುವುದಾದರೆ ಮಳೆನೀರು ಇಳಿದುಹೋಗುವ ಇಳಿಜಾರು ಹುಡುಕಿ, ಮನೆಯ ಬಾಗಿಲು, ಕೊಟ್ಟಿಗೆ, ದಾರಿಯಿಂದ ಆರಡಿ ದೂರ ನೆಡಲು ಹೇಳಿ. ಅದರ ಮುಳ್ಳಿಗೆ ಸೀರೆ, ಪಂಚೆ ಸಿಕ್ಕಿದರೆ ಬಿಡಿಸುವುದು ಕಷ್ಟ.